ಬಲಗಿವಿಯಲ್ಲಿದ್ದ ಜಪಾನಕ್ಕ

ಕಳೆದ ತಿಂಗಳು ಮೈಸೂರಿನಿಂದ ಒಬ್ಬ ಹುಡುಗಿ ನಂಜನಗೂಡಿನ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಡಬ್ಬಿಂಗ್ ಕೆಲಸಕ್ಕೆ ಸೇರಿ ಎರಡು ವಾರವಾಗಿತ್ತಂತೆ. ಕಾರ್ಟೂನಿನಲ್ಲಿ ಎಂಟು ವರ್ಷದ ಗಂಡುಹುಡುಗನ ಪಾತ್ರ ಕೊಟ್ಟಿದ್ದಾರೆ, ಸಂಜೆಯ ಹೊತ್ತಿಗೆ ಗಂಟಲು ಉರಿಯುತ್ತದೆ ಎಂದಳು.

"ಮೇಡಂ, ದನಿ ದಪ್ಪ ಮಾಡೋದು ಹೇಗೆ ಅಂತ ಹೇಳಿಕೊಡಿ."

"ದಪ್ಪ ಮಾಡಬೇಡಮ್ಮ. ಅದೇ ನಿನ್ನ ಗಂಟಲು ಉರಿಸ್ತಿರೋದು" ಎಂದೆ.

ಹಾಗಾದರೆ ಏನು ಮಾಡಬೇಕು ಎಂದು ಹೇಳಲು ಹೊರಟರೆ ಮಾತು ಎಲ್ಲೆಲ್ಲಿಗೋ ಹೋಯಿತು. ಅಷ್ಟರಲ್ಲಿ ಅವಳ ರೈಲಿನ ಹೊತ್ತಾಯಿತು. ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಅವಳ ಹಾಗೆ ಈ ಕೆಲಸಕ್ಕೆ ಬರುವ ಬೇರೆ ಹುಡುಗಿಯರೂ ಓದಲಿ.

ನನ್ನ ಹೆಸರು ಮಹದೇವಮ್ಮ. ಮುಖ ಕಂಡು ಗುರುತು ಹಿಡಿಯುವವರು ನಮ್ಮ ಬೀದಿಯವರಷ್ಟೇ. ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಗಂಡುಹುಡುಗರಿಗೆ ದನಿ ಕೊಟ್ಟೆ. ಮೊದಲು ರೇಡಿಯೋ ನಾಟಕಗಳಲ್ಲಿ, ಆಮೇಲೆ ಶಾಲಾ ಪಾಠದ ಕ್ಯಾಸೆಟ್‌ಗಳಲ್ಲಿ, ಕೊನೆಗೆ ಕಾರ್ಟೂನುಗಳಲ್ಲಿ. ರಾಜಕುಮಾರ, ಕುರಿ ಕಾಯುವವ, ಮಾತಾಡುವ ಕೋತಿಮರಿ, ಎಲ್ಲ ಆಗಿದ್ದೇನೆ. ಹೆಂಗಸಿನ ಪಾತ್ರ ಮಾಡಿದ್ದು ಎರಡೇ ಸಲ. ಎರಡರಲ್ಲೂ ಚೆನ್ನಾಗಿ ಮಾಡಲಿಲ್ಲ.

ನನ್ನ ತವರು ಬನ್ನೂರಿನ ಕಡೆಯ ಒಂದು ಹಳ್ಳಿ. ಭತ್ತ ಹಾಲು ಕಟ್ಟುವ ಕಾಲದಲ್ಲಿ ಗಿಳಿ ಓಡಿಸಲು ನನ್ನನ್ನು ಬದುವಿನ ಮೇಲೆ ನಿಲ್ಲಿಸುತ್ತಿದ್ದರು. ನಾನು ಒಂದು ಕೂಗು ಹಾಕಿದರೆ ಪಕ್ಕದ ಗದ್ದೆಯ ಗಿಳಿಗಳೂ ಏಳುತ್ತಿದ್ದವು. "ಇದೇನವ್ವ ಇದು, ಗಂಡೈಕ್ಳ ಗಂಟ್ಲು ಇಟ್ಕಂಡ್ ಉಟ್ಟಿದ್ದೀಯಲ್ಲ" ಎಂದು ಅವ್ವ ನಗುತ್ತಿದ್ದಳು. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಮೇಷ್ಟ್ರು ನನ್ನನ್ನು ಹಿಂದಿನ ಸಾಲಿಗೆ ಕಳಿಸಿ ಬರೀ ತುಟಿ ಆಡಿಸು ಎನ್ನುತ್ತಿದ್ದರು. ಆ ಗಂಟಲಿಗೂ ಒಂದು ಕೆಲಸವಿದೆ ಎಂದು ತಿಳಿದದ್ದು ಮದುವೆಯಾಗಿ ನಂಜನಗೂಡಿಗೆ ಬಂದು ಎಷ್ಟೋ ವರ್ಷದ ಮೇಲೆ. ಮೈಸೂರಿನಲ್ಲಿ ರೇಡಿಯೋ ನಾಟಕಕ್ಕೆ ಜನ ಬೇಕಾಗಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿ, ಅರ್ಜಿ ತಂದು ಕೊಟ್ಟವರು ನಮ್ಮ ಯಜಮಾನರು ಶಿವಣ್ಣ. ಅವರು ಇಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. "ದಿನಾ ನಂಗೆ ಕೇಳ್ಸೋದು ಊರಿಗೂ ಕೇಳ್ಲಿ ಬುಡು" ಎಂದರು.

ಮೊದಲ ನಾಟಕದಲ್ಲೇ ನನ್ನ ಮೊದಲ ತಪ್ಪು. ಆಗ ಎಲ್ಲರೂ ಒಂದೇ ಮೈಕಿನ ಸುತ್ತ ನಿಂತು ಮಾತಾಡಬೇಕಿತ್ತು, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ನನ್ನದು ತೋಟದಲ್ಲಿ ಮಾವಿನಕಾಯಿ ಕದ್ದು ಓಡುವ ಹುಡುಗನ ಪಾತ್ರ. ಏದುಸಿರು ಬರಲಿ ಎಂದು ನಿಂತಲ್ಲೇ ಓಡುವ ಹಾಗೆ ಕೈ ಬೀಸಿದೆ. ನಿರ್ದೇಶಕರು ಟೇಪ್ ನಿಲ್ಲಿಸಿ ಆಚೆ ಬಂದರು.

"ತಾಯಿ, ನಿಮ್ಮ ಹುಡುಗ ಬಳೆ ತೊಟ್ಟುಕೊಂಡು ಕಳ್ಳತನಕ್ಕೆ ಹೋಗಿದ್ದಾನಾ?"

ಎಲ್ಲರೂ ನಕ್ಕರು. ನನ್ನ ಎರಡು ಕೈಯಲ್ಲೂ ಡಜನ್ ಬಳೆ. ಗಾಜಿನ ಬಳೆ ತೆಗೆಯಲು ಮನಸ್ಸು ಒಪ್ಪಲಿಲ್ಲ. ಜೊತೆಯವರ ಕರವಸ್ತ್ರ ಇಸಿದುಕೊಂಡು ಮೊಣಕೈವರೆಗೆ ಸುತ್ತಿ ನಾಟಕ ಮುಗಿಸಿದೆ. ಕೈ ಮುರಿದವರ ಹಾಗೆ ಕಾಣುತ್ತಿದ್ದೆ. ಇವತ್ತಿನ ಮೈಕುಗಳು ಸೀರೆಯ ಗಂಜಿಯ ಸದ್ದನ್ನೂ ಹಿಡಿಯುತ್ತವೆ. ಮೆತ್ತಗಿನ ಹಳೇ ಬಟ್ಟೆ ಉಟ್ಟು ಹೋಗಿ, ಹೊಟ್ಟೆ ತುಂಬ ತಿಂದು ಹೋಗಬೇಡಿ, ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ. ಹಸಿದ ಹೊಟ್ಟೆಯ ಗುಡುಗುಡು ಶಬ್ದಕ್ಕೆ ಒಂದು ಒಳ್ಳೆಯ ಟೇಕ್ ಹಾಳಾದದ್ದನ್ನು ಕಂಡಿದ್ದೇನೆ.

ಕಾರ್ಟೂನ್ ಕೆಲಸ ಬಂದದ್ದು ಮಕ್ಕಳ ಚಾನೆಲ್ಲು ಕನ್ನಡದಲ್ಲಿ ಶುರುವಾದ ಮೇಲೆ. ಮೈಸೂರಿನಲ್ಲಿ ಒಂದು ಹಳೇ ಮನೆಯ ಮಹಡಿಯ ಮೇಲೆ ಸ್ಟುಡಿಯೋ ಮಾಡಿದ್ದರು. ಅಲ್ಲಿನ ಡಬ್ಬಿಂಗ್ ನಿರ್ದೇಶಕರು ಸಂಪತ್ ಸಾರ್. ಸಿಟ್ಟಿನವರು, ಆದರೆ ಕಿವಿ ಬಂಗಾರ. ಶಬ್ದ ಮುದ್ರಿಸುವವನು ಮೆಹಬೂಬ್, ನನ್ನನ್ನು ಅಕ್ಕಾ ಎನ್ನುತ್ತಿದ್ದ. ಅದೊಂದು ಜಪಾನಿನ ಕಾರ್ಟೂನು. ಸಣ್ಣ ದ್ವೀಪದಲ್ಲಿ ಅಮ್ಮನ ಜೊತೆ ಇರುವ ಒಂಬತ್ತು ವರ್ಷದ ಹುಡುಗ, ಹೆಸರು ಟೋಕಿ. ಅಮ್ಮ ಮೀನು ಮಾರುತ್ತಾಳೆ, ಇವನು ಊರಿನ ತಂಟೆಯನ್ನೆಲ್ಲ ಮನೆಗೆ ತರುತ್ತಾನೆ.

ಹೆಡ್‌ಫೋನಿನ ಬಲಗಿವಿಯಲ್ಲಿ ಜಪಾನಿ ಮಾತು ಕೇಳಿಸುತ್ತದೆ, ನಮ್ಮ ದನಿ ನಮಗೆ ಕೇಳಲಿ ಎಂದು ಎಡಗಿವಿ ಖಾಲಿ ಬಿಟ್ಟುಕೊಳ್ಳುತ್ತೇವೆ. ಕೈಯಲ್ಲಿ ಕನ್ನಡದ ಸ್ಕ್ರಿಪ್ಟು. ಟೋಕಿಯ ತುಟಿ ತೆರೆದಾಗ ನಾವು ಶುರು ಮಾಡಬೇಕು, ಮುಚ್ಚಿದಾಗ ನಿಲ್ಲಿಸಬೇಕು. ಮೊದಲ ದಿನ ನಾನು ದನಿಯನ್ನು ದಪ್ಪ ಮಾಡಿಕೊಂಡು ಗುಟುರು ಹಾಕಿದೆ. ಸಂಪತ್ ಸಾರ್ ನಾನು ನಿಂತಿದ್ದ ಗಾಜಿನ ಬೂತಿನ ಬಾಗಿಲು ತೆಗೆದರು.

"ಮಹದೇವಮ್ಮನವರೇ, ಇವನು ಹುಡುಗ. ಸೈಜ್‌ಗಲ್ಲು ಲೋಡು ಮಾಡೋ ಹಮಾಲಿ ಅಲ್ಲ. ಒಂದು ವಾರ ಬರೀ ಕೇಳಿ. ಮಾತಾಡಬೇಡಿ."

ಒಂದು ವಾರ ಬರೀ ಕೇಳಿದೆ. ನನ್ನ ಇಡೀ ಕೆಲಸವನ್ನು ಕಲಿತದ್ದು ಆ ಒಂದು ವಾರದಲ್ಲಿ. ಬಲಗಿವಿಯಲ್ಲಿದ್ದ ಹುಡುಗನ ದನಿ ದಪ್ಪವೇ ಇರಲಿಲ್ಲ. ಅವನಿಗೆ ಅವಸರವಿತ್ತು. ಮಾತು ಶುರು ಮಾಡುವ ಮುಂಚೆ ಮೂಗಿನಿಂದಲ್ಲ, ಬಾಯಿಂದ ಗಬಕ್ಕನೆ ಉಸಿರು ಎಳೆದುಕೊಳ್ಳುತ್ತಿದ್ದ, ಆ ಉಸಿರು ಮಾತಿನ ಕೊನೆಯವರೆಗೆ ಸಾಲುತ್ತಿರಲಿಲ್ಲ. ಸುಳ್ಳು ಹೇಳುವಾಗ ಮಾತ್ರ ನಿಧಾನವಾಗಿ ಉಸಿರಾಡುತ್ತಿದ್ದ. ಆಮೇಲೆ ಕಪಿಲಾ ನದಿಯ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕುಳಿತು ನಮ್ಮೂರ ಹುಡುಗರನ್ನು ನೋಡಿದೆ. ನೀರಿಗೆ ಹಾರುವ ಮುಂಚೆ ಅವರೂ ಹಾಗೇ ಬಾಯಿ ಕಳೆದು ಉಸಿರೆಳೆಯುತ್ತಿದ್ದರು. ಮುಂದಿನ ವಾರ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತೆ. ಗಂಟಲನ್ನು ಅದರ ಪಾಡಿಗೆ ಬಿಟ್ಟೆ. ಸಂಪತ್ ಸಾರ್ ಸೀದಾ ಮುಂದಿನ ದೃಶ್ಯ ಹಾಕಿಸಿದರು. ಹಾಗೆ ಮಾಡಿದರೆ ಮೆಚ್ಚಿದರು ಎಂದರ್ಥ.

ಮೂರು ತಿಂಗಳು ನಾನು ಆ ದನಿ ಒಬ್ಬ ಹುಡುಗನದೆಂದೇ ತಿಳಿದಿದ್ದೆ. ಎಂಥ ಚುರುಕು ಕೂಸು, ಯಾವ ತಾಯಿ ಹೆತ್ತಳೋ ಎಂದುಕೊಳ್ಳುತ್ತಿದ್ದೆ. ಒಂದು ದಿನ ಊಟದ ಹೊತ್ತಿನಲ್ಲಿ, "ಆ ಹುಡುಗ ಈಗ ಎಷ್ಟನೇ ಕ್ಲಾಸೋ ಏನೋ" ಎಂದೆ.

ಮೆಹಬೂಬ್ ಅನ್ನದ ಡಬ್ಬಿ ಕೆಳಗಿಟ್ಟ. "ಯಾವ ಹುಡ್ಗ ಅಕ್ಕಾ? ಅದು ಹೆಂಗಸು. ನಿಮಗಿಂತ ಹತ್ತು ವರ್ಷ ದೊಡ್ಡೋರು."

ನಾನು ನಂಬಲಿಲ್ಲ. ಅವನು ಕಂಪ್ಯೂಟರಿನಲ್ಲಿ ಒಂದು ಫೋಟೋ ತೋರಿಸಿದ. ಕತ್ತಿನವರೆಗೆ ಕತ್ತರಿಸಿದ ಕೂದಲು, ಮೂಗಿನ ತುದಿಗೆ ಇಳಿದ ಕನ್ನಡಕ, ಬ್ಯಾಂಕಿನಲ್ಲಿ ಕುಳಿತಿರುವ ಹಾಗೆ ಗಂಭೀರ ಮುಖ. ಜಪಾನಿನಲ್ಲಿ ಗಂಡುಹುಡುಗರ ಪಾತ್ರಕ್ಕೆ ಹೆಂಗಸರೇ ದನಿ ಕೊಡುವುದು ಹೆಚ್ಚಂತೆ. ನಿಜವಾದ ಹುಡುಗನನ್ನು ತಂದರೆ ಎರಡು ವರ್ಷದಲ್ಲಿ ಅವನ ದನಿ ಒಡೆಯುತ್ತದೆ, ಪಾತ್ರಕ್ಕೆ ಮಾತ್ರ ಅದೇ ಒಂಬತ್ತು ವರ್ಷ. ನಾನು ಆ ಮುಖವನ್ನು ತುಂಬ ಹೊತ್ತು ನೋಡಿದೆ. ಹಿಂದಿನ ಸಾಲಿನಲ್ಲಿ ತುಟಿ ಆಡಿಸಿದ ನನ್ನಂಥ ಇನ್ನೊಬ್ಬಳು ಲೋಕದ ಆ ತುದಿಯಲ್ಲಿ ಇದ್ದಾಳೆ ಅನ್ನಿಸಿತು. ಅವರ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ಅಂದಿನಿಂದ ಅವರು ನನಗೆ ಜಪಾನಕ್ಕ. ತಮ್ಮ ಹೆಸರು ಎಲ್ಲೂ ಬರುವುದು ಬೇಡವೆನ್ನುವ ಸ್ವಭಾವ ಅವರದು, ಆದ್ದರಿಂದ ಇಲ್ಲೂ ಹೆಸರು ಬರೆಯುವುದಿಲ್ಲ.

ಎಂಟು ವರ್ಷ ಹೀಗೆ ಅವರ ಜೊತೆ ಕೆಲಸ ಮಾಡಿದೆ. ನೆಗಡಿಯಾದ ದಿನ ಅವರ ಟೋಕಿ ಮೂಗಿನಲ್ಲಿ ಮಾತಾಡುತ್ತಿದ್ದ, ನನಗೆ ಗೊತ್ತಾಗುತ್ತಿತ್ತು. ಅವರು ಖುಷಿಯಾಗಿದ್ದ ದಿನವೂ ಗೊತ್ತಾಗುತ್ತಿತ್ತು.

ಎರಡನೇ ವರ್ಷದಲ್ಲಿ ನನ್ನ ಅವ್ವ ತೀರಿಕೊಂಡಳು. ತಿರುಮಕೂಡಲಿನ ಸಂಗಮದಲ್ಲಿ ಅಸ್ಥಿ ಬಿಟ್ಟು ಬಂದೆವು. ಹನ್ನೊಂದರ ಕಾರ್ಯ ಇನ್ನೂ ಆಗಿರಲಿಲ್ಲ, ಸ್ಟುಡಿಯೋದಿಂದ ಫೋನು. ಪ್ರಸಾರಕ್ಕೆ ಕೊಡಬೇಕಾದ ಒಂದು ಕಂತು ನಿಂತುಹೋಗಿತ್ತು. ಮನೆಯಲ್ಲಿ ನೆಂಟರು ಬೇಡವೆಂದರು. ಶಿವಣ್ಣ ಒಬ್ಬರೇ, "ಓಗ್ಬುಟ್ಟು ಬಾ. ಅಳ್ತಾ ಕೂತಿದ್ರೆ ಅವ್ವ ಬಂದಾಳಾ?" ಎಂದರು.

ಹೋದರೆ ಆ ಕಂತಿನಲ್ಲಿ ಟೋಕಿ ಅಳುವುದಿರಲಿಲ್ಲ. ಕೆಸರುಗುಡ್ಡೆಯಿಂದ ಜಾರಿ ಬಿದ್ದು ನಗುತ್ತಾನೆ. ಅರ್ಧ ನಿಮಿಷ ಬರೀ ನಗು. ನಾನು ಬಾಯಿ ತೆರೆದರೆ ಬಂದದ್ದು ಅಳು. ಎರಡು ಟೇಕ್ ಹಾಳಾಯಿತು. ಸಂಪತ್ ಸಾರ್ ಗಾಜಿನ ಆಚೆಯಿಂದ, "ಹಳೇ ಕಂತಿನ ನಗು ತೆಗೆದು ಅಂಟಿಸೋಣ ಬಿಡಿಮ್ಮ" ಎಂದರು. ಅವರು ಸಿಟ್ಟಾಗದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇನ್ನೊಂದು ಸಲ ನೋಡ್ತೀನಿ ಸಾರ್ ಎಂದೆ. ಮೆಹಬೂಬ್‌ಗೆ ಹೇಳಿ ಬಲಗಿವಿಯ ಶಬ್ದ ಹೆಚ್ಚು ಮಾಡಿಸಿದೆ, ಕಣ್ಣು ಮುಚ್ಚಿದೆ. ಜಪಾನಕ್ಕ ನಗತೊಡಗಿದರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಮಗುವಿನ ಬೆರಳು ಹಿಡಿದು ನಡೆಸುವ ಹಾಗೆ ಆ ನಗು ನನ್ನನ್ನು ಕರೆದುಕೊಂಡು ಹೋಯಿತು. ಅವರು ನಕ್ಕಲ್ಲಿ ನಕ್ಕೆ, ಉಸಿರು ತೆಗೆದುಕೊಂಡಲ್ಲಿ ತೆಗೆದುಕೊಂಡೆ. ಮುಗಿದಾಗ ಮುಖವೆಲ್ಲ ಒದ್ದೆಯಾಗಿತ್ತು, ಆದರೆ ಟೇಕ್‌ನಲ್ಲಿ ಅಳು ಇರಲಿಲ್ಲ. ಆ ಕಂತು ಹಾಗೇ ಪ್ರಸಾರವಾಯಿತು.

ಇನ್ನೊಂದು ತಪ್ಪು ಹೇಳಿಬಿಡುತ್ತೇನೆ. ತಿ. ನರಸೀಪುರದ ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ಕರೆದರು. ಟೋಕಿ ಬರುತ್ತಾನೆ ಎಂದು ಮಕ್ಕಳಿಗೆ ಹೇಳಿಬಿಟ್ಟಿದ್ದರು. ಇಳಕಲ್ ಸೀರೆಯುಟ್ಟು ನಾನು ವೇದಿಕೆ ಹತ್ತಿದಾಗ ಮಕ್ಕಳು ನನ್ನ ಹಿಂದೆ ನೋಡುತ್ತಿದ್ದವು. "ಎಲ್ಲ ಕಣ್ಣು ಮುಚ್ಚಿ" ಎಂದೆ. ಮುಚ್ಚಿದವು. ಟೋಕಿಯಾಗಿ ಮಾತಾಡಿದೆ. ಮಕ್ಕಳು ಕುಣಿದವು, ಕಿರುಚಿದವು. ಮುಂದಿನ ಸಾಲಿನ ಒಂದು ಪುಟ್ಟ ಹೆಣ್ಣುಮಗು ಕಣ್ಣು ತೆರೆದು ನನ್ನನ್ನೇ ನೋಡಿತು. "ಟೋಕಿನ ಎಲ್ಲಿ ಬಚ್ಚಿಕ್ಕಿದ್ದೀಯಾ? ಬುಡು ಅವ್ನ" ಎಂದು ಅಳತೊಡಗಿತು. ಎತ್ತಿಕೊಂಡು ಎಷ್ಟು ಸಮಾಧಾನ ಮಾಡಿದರೂ ನನ್ನ ಸೆರಗು ಎಳೆದು ಎಳೆದು ಹುಡುಕಿತು. ಆಮೇಲೆ ನಾನು ಸಣ್ಣ ಮಕ್ಕಳ ಮುಂದೆ ಯಾವತ್ತೂ ಹಾಗೆ ಮಾಡಲಿಲ್ಲ. ನೀವೂ ಮಾಡಬೇಡಿ. ನಮ್ಮ ಮುಖ ಅವರಿಗೆ ಬೇಕಾಗಿಲ್ಲ.

ಐದನೇ ವರ್ಷದಲ್ಲಿ ಒಂದು ದಿನ ಹೆಡ್‌ಫೋನು ಹಾಕಿಕೊಂಡರೆ ಬಲಗಿವಿಯಲ್ಲಿ ಬೇರೆ ಯಾರೋ ಇದ್ದರು. ದನಿ ಚೆನ್ನಾಗಿತ್ತು, ತೆಳ್ಳಗೆ, ಚುರುಕಾಗಿ. ಆದರೆ ಆ ಉಸಿರಲ್ಲ. ಮುಂದಿನ ಕಂತಿನಲ್ಲೂ ಬೇರೆಯವರೇ. ಮೆಹಬೂಬ್ ಕಂಪ್ಯೂಟರಿನಲ್ಲಿ ಹುಡುಕಿ, "ಹುಷಾರಿಲ್ಲ ಅಂತ ಅಷ್ಟೇ ಹಾಕವ್ರೆ ಅಕ್ಕಾ. ಏನು ಅಂತ ಇಲ್ಲ" ಎಂದ. ಊಟ ಸೇರಲಿಲ್ಲ ನನಗೆ. ಯಾವ ಊರೋ, ಯಾವ ಆಸ್ಪತ್ರೆಯೋ, ಯಾರು ನೋಡಿಕೊಳ್ಳುತ್ತಾರೋ. ವಾಪಸ್ಸು ಬರುವಾಗ ರೈಲಿನಲ್ಲಿ ಕುಳಿತು ನಂಜುಂಡೇಶ್ವರನಿಗೆ ಹೇಳಿಕೊಂಡೆ. ಅವನಿಗೆ ಭಾಷೆಯ ತೊಂದರೆ ಇರಲಿಕ್ಕಿಲ್ಲ.

ಚಾನೆಲ್ಲಿನವರಿಂದ ಒಂದು ಸೂಚನೆ ಬಂತು. ಸಂಪತ್ ಸಾರ್ ಹೇಳಿದರು: "ಒರಿಜಿನಲ್ ದನಿ ಬದಲಾಗಿದೆ. ನೀವೂ ಸ್ವಲ್ಪ ತೆಳ್ಳಗೆ ಮಾಡಬೇಕಂತೆ."

ಅವರ ಮಾತಿಗೆ ನಾನು ಎಂದೂ ಎದುರಾಡಿದವಳಲ್ಲ. "ಮಾಡಲ್ಲ ಸಾರ್" ಎಂದೆ.

"ಯಾಕೆ?"

"ಅವರು ವಾಪಸ್ ಬರ್ತಾರೆ. ಬಂದಾಗ ಅವರ ಟೋಕಿ ಒಂದ್ ಕಡೆನಾದ್ರೂ ಇರ್ಬೇಕಲ್ಲ."

"ಬರದಿದ್ರೆ?"

ನಾನು ಸ್ಕ್ರಿಪ್ಟಿನ ಹಾಳೆ ತಿರುವಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. "ಕೆಲಸ ನಿಮ್ಮ ಕೈ ಬಿಟ್ಟು ಹೋಗಬಹುದು, ಗೊತ್ತಿರಲಿ" ಎಂದರು. ಗೊತ್ತಿತ್ತು. ಬೆಂಗಳೂರಿನ ಒಬ್ಬಳ ದನಿಯನ್ನು ಪರೀಕ್ಷೆಗೆ ತರಿಸಿದ್ದಾರೆ ಎನ್ನುವುದೂ ಗೊತ್ತಿತ್ತು. ಬಲಗಿವಿಯ ಶಬ್ದ ಕಮ್ಮಿ ಮಾಡಿಸಿಕೊಂಡು, ಪರದೆಯ ಮೇಲಿನ ತುಟಿ ನೋಡುತ್ತ, ಜಪಾನಕ್ಕ ಇದನ್ನು ಹೇಗೆ ಹೇಳುತ್ತಿದ್ದರೋ ಹಾಗೆ ಒಂಬತ್ತು ಕಂತು ಮಾಡಿದೆ. ಸಂಪತ್ ಸಾರ್ ಚಾನೆಲ್ಲಿಗೆ ಏನು ಹೇಳಿದರೋ ಇವತ್ತಿಗೂ ತಿಳಿಯದು. ಯಾರೂ ನನ್ನನ್ನು ತೆಗೆಯಲಿಲ್ಲ.

ಹತ್ತನೆಯ ಕಂತಿಗೆ ಹೆಡ್‌ಫೋನು ಹಾಕಿಕೊಂಡೆ. ಟೋಕಿ ಬಾಗಿಲಿನಿಂದ ಓಡಿ ಬರುತ್ತಾನೆ. ಮಾತಿಗೆ ಮುಂಚೆ ಆ ಗಬಕ್ಕನೆ ಎಳೆದ ಉಸಿರು ಕೇಳಿತು. ಸ್ವಲ್ಪ ಒರಟಾಗಿತ್ತು, ಆದರೂ ಅದೇ. ನಾನು ಹೇಳಬೇಕಾದ ಮಾತೇ ಮರೆತು ನಿಂತೆ. ಮೆಹಬೂಬ್ ಗಾಜಿನ ಆಚೆ ಎದ್ದು ನಿಂತು ಎರಡೂ ಕೈ ಎತ್ತಿದ್ದ.

ಆ ಕಾರ್ಟೂನು ಮುಗಿದ ಮೇಲೆ ಇನ್ನೂ ಕೆಲವು ವರ್ಷ ಅದೂ ಇದೂ ಮಾಡಿದೆ. ಟೋಕಿಯ ಕಾಲಕ್ಕೇ ಒಟ್ಟಿಗೆ ನಿಂತು ಮಾತಾಡುವುದು ಹೋಗಿ ಒಬ್ಬೊಬ್ಬರೇ ಬಂದು ತಮ್ಮ ಮಾತು ಹೇಳಿ ಹೋಗುವುದು ಬಂತು. ನನ್ನ ಟೋಕಿಯ ಅಮ್ಮನಾಗಿದ್ದವಳ ಮುಖ ನಾನು ನೋಡಿದ್ದು ಮೂರನೇ ವರ್ಷದಲ್ಲಿ, ಅದೂ ಮೆಟ್ಟಿಲಿನ ಮೇಲೆ. ಈಗ ಕೆಲವರು ಮನೆಯಲ್ಲೇ ಕಂಬಳಿ ಹೊದ್ದು ರೆಕಾರ್ಡ್ ಮಾಡಿ ಕಳಿಸುತ್ತಾರೆ. ಕಂಪ್ಯೂಟರೇ ಹುಡುಗನ ದನಿ ಮಾಡುತ್ತದೆ ಎಂದೂ ಕೇಳುತ್ತೇನೆ. ಮಾಡಲಿ. ಮಾತಿನ ನಡುವೆ ಅದಕ್ಕೆ ಉಸಿರು ಸಾಲದೆ ಹೋಗುತ್ತದೆಯೇ ಎಂದು ಗಮನಿಸಿ ನೋಡಿ. ಎರಡು ವರ್ಷದ ಹಿಂದೆ ನನ್ನ ಗಂಟಲಿನಲ್ಲಿ ಸಣ್ಣ ಗಂಟು ಕಾಣಿಸಿತು. ಅಪಾಯದ್ದಲ್ಲ, ಆದರೆ ಕೂಗಬಾರದು ಎಂದರು ಡಾಕ್ಟರು. ಕೆಲಸ ಬಿಟ್ಟೆ.

ಅದೇ ವರ್ಷ ಶಿವಣ್ಣನವರ ಕಾರ್ಖಾನೆಗೆ ಜಪಾನಿನಿಂದ ಯಂತ್ರ ಕೂರಿಸಲು ಎಂಜಿನಿಯರುಗಳು ಬಂದಿದ್ದರು. ಅವರ ಮಾತನ್ನು ಕನ್ನಡಕ್ಕೆ ಹೇಳಲು ಬೆಂಗಳೂರಿನಿಂದ ರಶ್ಮಿ ಎಂಬ ಹೆಣ್ಣುಮಗಳು ಬಂದಿದ್ದಳು. ಶಿವಣ್ಣ ಕ್ಯಾಂಟೀನಿನಲ್ಲಿ ನನ್ನ ಸುದ್ದಿ ಕೊಚ್ಚಿಕೊಂಡಿರಬೇಕು, ಭಾನುವಾರ ಊಟಕ್ಕೆ ಕರೆದುಕೊಂಡು ಬಂದರು. ಅವಳು ಟೋಕಿಯನ್ನು ಎರಡೂ ಭಾಷೆಯಲ್ಲಿ ನೋಡಿದ್ದಳು.

"ಅಮ್ಮ, ನಿಮಗೊಂದು ವಿಷಯ ಗೊತ್ತಾ? ಜಪಾನಿಯಲ್ಲಿ 'ನಾನು' ಅನ್ನೋಕೆ ಬೇರೆ ಬೇರೆ ಪದ ಇದೆ. ಗಂಡುಹುಡುಗರು ಹೇಳೋದೇ ಬೇರೆ, ಹೆಂಗಸರು ಹೇಳೋದೇ ಬೇರೆ. ನಿಮ್ಮ ಜಪಾನಕ್ಕ ಸ್ಟುಡಿಯೋದಲ್ಲಿ ಒಂದು 'ನಾನು', ಮನೇಲಿ ಇನ್ನೊಂದು 'ನಾನು'."

ನಾನು ಅದನ್ನು ಬಹಳ ದಿನ ಯೋಚಿಸಿದೆ. ನಮ್ಮ ಕನ್ನಡದಲ್ಲಿ 'ನಾನು ಬಂದೆ' ಎಂದರೆ ಬಂದದ್ದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಬಂದ, ಬಂದಳು ಎನ್ನುವುದೆಲ್ಲ ಬೇರೆಯವರು ಹೇಳುವುದು. ಟೋಕಿಯಾಗಲು ನಾನು ಒಂದು ಅಕ್ಷರವನ್ನೂ ಬದಲಾಯಿಸಬೇಕಾಗಿರಲಿಲ್ಲ. ಪಾಪ, ಅವರು ಪ್ರತಿ ಸಲ ಹೊಸಿಲು ದಾಟಬೇಕಿತ್ತು.

ರಶ್ಮಿಯ ಸಹಾಯದಿಂದ ಜಪಾನಕ್ಕನಿಗೆ ಒಂದು ಕಾಗದ ಬರೆದೆ. ಅವ್ವ ಹೋದಾಗಿನ ಆ ನಗು, ಅವರಿಲ್ಲದ ಒಂಬತ್ತು ಕಂತು, ಎರಡನ್ನೂ ಬರೆದೆ. ಅವರಿಗೆ ಕೆಲಸ ಗೊತ್ತುಮಾಡುವ ಕಚೇರಿಯ ವಿಳಾಸಕ್ಕೆ ರಶ್ಮಿ ಕಳಿಸಿದಳು. ಆರು ತಿಂಗಳು ಸುದ್ದಿಯಿಲ್ಲ. ನಾನು ಆಸೆ ಬಿಟ್ಟಿದ್ದೆ. ಆಮೇಲೆ ಉತ್ತರ ಬಂತು, ಚಿಕ್ಕದು. ರಶ್ಮಿ ಫೋನಿನಲ್ಲಿ ಓದಿ ಹೇಳಿದಳು. ಕೆಸರಿನ ಆ ನಗು ತಮಗೆ ನೆನಪೇ ಇಲ್ಲ, ಕ್ಷಮಿಸಬೇಕು ಎಂದು ಬರೆದಿದ್ದರು. ಆ ಒಂಬತ್ತು ಕಂತಿನ ಹೊತ್ತಿಗೆ ಗಂಟಲಿನ ಆಪರೇಶನ್ ಆಗಿತ್ತಂತೆ, ತಿಂಗಳುಗಟ್ಟಲೆ ಸ್ಲೇಟಿನ ಮೇಲೆ ಬರೆದು ಮಾತಾಡುತ್ತಿದ್ದರಂತೆ. ಟೋಕಿ ಇನ್ನು ತಮ್ಮವನಲ್ಲ ಎಂದುಕೊಂಡು, ಅವನು ಬರುವ ಹೊತ್ತಿಗೆ ಟಿ.ವಿ. ಆರಿಸಿಬಿಡುತ್ತಿದ್ದರಂತೆ. ಕೊನೆಯ ಸಾಲು: "ಆ ದಿನಗಳಲ್ಲಿ ಅವನು ನಿಮ್ಮ ಮನೆಯಲ್ಲಿದ್ದನೆಂದು ನನಗೆ ಗೊತ್ತಿರಲಿಲ್ಲ."

ಒಂದು ಸಲ ಮುಖ ನೋಡಿ ಮಾತಾಡೋಣ ಎಂದೂ ಕೇಳಿದ್ದರು. ಹಾಗೆ ಒಂದು ಬೆಳಿಗ್ಗೆ ಹತ್ತು ಗಂಟೆಗೆ ನಾನು ನಡುಮನೆಯಲ್ಲಿ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಕುಳಿತೆ. ಪರದೆಯ ಒಂದು ಚೌಕದಲ್ಲಿ ಬೆಂಗಳೂರಿನಿಂದ ರಶ್ಮಿ, ಇನ್ನೊಂದರಲ್ಲಿ ಜಪಾನಕ್ಕ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರು ತಲೆ ಬಾಗಿಸಿದರು, ನಾನು ಕೈ ಮುಗಿದೆ. ಅವರ ಸ್ವಂತ ದನಿಯನ್ನು ಅವತ್ತೇ ಮೊದಲು ಕೇಳಿದ್ದು. ತಗ್ಗಿದ, ನಾಚಿಕೆಯ ಹೆಂಗಸಿನ ದನಿ. ನನಗೆ ಗುರುತೇ ಸಿಗಲಿಲ್ಲ, ಸ್ವಲ್ಪ ಬೇಜಾರೂ ಆಯಿತು. ಊಟ ಏನು, ಮಳೆ ಹೇಗೆ ಎಂದು ರಶ್ಮಿಯ ಮೂಲಕ ಎರಡು ಮಾತಾಡಿದೆವು. ಅಷ್ಟರಲ್ಲಿ ರಶ್ಮಿಯ ಚೌಕ ಕಪ್ಪಾಯಿತು. ಅವಳ ಕಡೆ ನೆಟ್‌ವರ್ಕ್ ಹೋಗಿತ್ತು.

ಉಳಿದದ್ದು ನಾವಿಬ್ಬರೇ. ಅವರು ನಕ್ಕರು, ನಾನೂ ನಕ್ಕೆ. ಅವರು ಏನೋ ಅಂದರು, ನಾನು ಕನ್ನಡದಲ್ಲಿ "ಗೊತ್ತಾಗ್ಲಿಲ್ಲ ಅಕ್ಕ" ಎಂದೆ. ಫೋನು ಇಟ್ಟುಬಿಡಲೇ ಎಂದುಕೊಳ್ಳುವಷ್ಟರಲ್ಲಿ ಅವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು, ಬಾಯಿ ತೆರೆದು ಗಬಕ್ಕನೆ ಉಸಿರೆಳೆದರು. ಟೋಕಿ ಬಂದ. ದನಿ ಅಲ್ಲಲ್ಲಿ ಸೀಳಿತ್ತು, ಆದರೆ ಅವನೇ. ಏನು ಹೇಳಿದನೋ ತಿಳಿಯಲಿಲ್ಲ, ತಂಟೆಯ ಮಾತು ಎಂದು ಮಾತ್ರ ತಿಳಿಯಿತು. ಡಾಕ್ಟರು ಹೇಳಿದ್ದು ನೆನಪಿತ್ತು. ಆದರೂ ಸೆರಗು ಸಿಕ್ಕಿಸಿ ನನ್ನ ಟೋಕಿಯನ್ನು ಕರೆದೆ. ಎಷ್ಟೋ ವರ್ಷದಿಂದ ಹೊರಗೆ ಬಾರದಿದ್ದವನು ಕರೆದ ಕೂಡಲೇ ಬಂದ. ಅವರು ಜಪಾನಿಯಲ್ಲಿ ಬೈದರು, ನಾನು ಕನ್ನಡದಲ್ಲಿ ಬೈದೆ. ಅವರು ಕೆಸರಿನಲ್ಲಿ ಬಿದ್ದ ಹಾಗೆ ಮಾಡಿದರು. ಆಮೇಲೆ ನಗು ಹಿಡಿದುಕೊಂಡಿತು. ನಿಲ್ಲಿಸಲು ಇಬ್ಬರಿಗೂ ಆಗಲಿಲ್ಲ.

ಬೀದಿ ಕಡೆಯ ಕಿಟಕಿಯಲ್ಲಿ ಪಕ್ಕದ ಮನೆಯ ಪುಟ್ಟಮ್ಮ ಕಾಣಿಸಿಕೊಂಡಳು. ನಮ್ಮ ಬೀದಿಗೆ ಹೊಸಬಳು, ಮಗನ ಮನೆಗೆ ಬಂದು ತಿಂಗಳಾಗಿತ್ತಷ್ಟೇ.

"ಯಾರ್ ಐಕ್ಳವ್ವ ಬಂದವ್ರೆ? ಇಬ್ರು ಗಂಡೈಕ್ಳು ಆಗ್ಲಿಂದ ಬೀದಿಗೆಲ್ಲ ಕೇಳಂಗೆ ನಗ್ತಾವ್ರಲ್ಲ!"

ನಾನು ಕಣ್ಣೊರೆಸಿಕೊಂಡೆ. "ನಮ್ಮೋರೇ ಕಣಕ್ಕ" ಎಂದೆ.

"ಬಿಸ್ಲು ಜಾಸ್ತಿ ಆಗ್ಯದೆ, ಐಕ್ಳ ಆಚ್ಗೆ ಬುಡ್ಬ್ಯಾಡ" ಎಂದು ಹೇಳಿ ಅವಳು ಒಳಗೆ ಹೋದಳು.